ಆಪರೇಟರ್ ವಿನ್ಯಾಸದ ಇತಿಹಾಸ

ಪ್ರೋಗ್ರಾಮಿಂಗ್ ಭಾಷೆಯೊಂದರಲ್ಲಿ ಯಾವ ಕ್ರಿಯೆಗೆ ಯಾವ ಚಿಹ್ನೆ, ಅದು ಸಂಖ್ಯೆಗಳ ಮುಂದೆಯೋ ನಡುವೆಯೋ ಕೊನೆಗೋ, ಹಲವು ಚಿಹ್ನೆಗಳು ಕೂಡಿ ಬಂದಾಗ ಯಾವುದು ಮೊದಲು ಎಂಬುದನ್ನು ಗೊತ್ತುಪಡಿಸುವುದೇ ಆಪರೇಟರ್ ವಿನ್ಯಾಸ.

ಹಿನ್ನೆಲೆ: ವಿಜಾಪುರ ಸೀಮೆಯವನೆಂದು ಕೆಲವು ವಿದ್ವಾಂಸರು ಹೇಳುವ ಭಾಸ್ಕರಾಚಾರ್ಯನ (12ನೆಯ ಶತಮಾನ) ಬೀಜಗಣಿತದಲ್ಲಿ ಸಂಕಲನಕ್ಕೆ ಪ್ರತ್ಯೇಕ ಚಿಹ್ನೆಯಿಲ್ಲ; ಪದಗಳನ್ನು ಪಕ್ಕಪಕ್ಕದಲ್ಲಿ ಬರೆದರೆ ಸಾಕು. ಋಣಸಂಖ್ಯೆಯ ತಲೆಯ ಮೇಲೆ ಚುಕ್ಕಿ. ಯುರೋಪಿನಲ್ಲಿ + ಮತ್ತು − ಚಿಹ್ನೆಗಳು 1489ರಲ್ಲಿ ಅಚ್ಚಾದವು; = ಬಂದದ್ದು 1557ರಲ್ಲಿ.

ಕಂಪ್ಯೂಟರ್ ಯುಗ: ಐಬಿಎಂ 1957ರಲ್ಲಿ ಹೊರತಂದ ಫೋರ್ಟ್ರಾನ್ ಶಾಲೆಯ ಗಣಿತದಂತೆಯೇ ಸೂತ್ರ ಬರೆಯಲು ಅನುವು ಮಾಡಿತು. ರಂಧ್ರಪತ್ರದ ಯಂತ್ರದಲ್ಲಿ ಘಾತವನ್ನು ಮೇಲೇರಿಸಿ ಬರೆಯುವಂತಿರಲಿಲ್ಲ, ಹಾಗಾಗಿ ** ಬಂತು. ಐವರ್ಸನ್‌ನ ಎಪಿಎಲ್ ಆದ್ಯತೆಯ ಗೊಡವೆಯನ್ನೇ ಬಿಟ್ಟು ಎಲ್ಲವನ್ನೂ ಬಲದಿಂದ ಎಡಕ್ಕೆ ಲೆಕ್ಕ ಹಾಕಿತು. ಸಿ ಭಾಷೆಯ ಮೂಲವಾದ ಬಿ ಭಾಷೆಯಲ್ಲಿ ಬಿಟ್‌ಗಳ ಮೇಲಿನ 'ಮತ್ತು'ಗೂ ತಾರ್ಕಿಕ 'ಮತ್ತು'ಗೂ & ಒಂದೇ ಇತ್ತು. ಮುಂದೆ && ಸೇರಿದರೂ, ಆಗಲೇ ಬರೆದಿದ್ದ ಕೋಡ್ ಕೆಡಬಾರದೆಂದು ಡೆನಿಸ್ ರಿಚಿ & ಚಿಹ್ನೆಯ ಆದ್ಯತೆಯನ್ನು == ಗಿಂತ ಕೆಳಗೇ ಉಳಿಸಿದರು. ಆದ್ದರಿಂದ ಅ & ಬ == ಕ ಎಂದು ಬರೆದರೆ ಇಂದಿಗೂ ಮೊದಲು ನಡೆಯುವುದು ಹೋಲಿಕೆ; ಆವರಣ ಹಾಕದವರ ಲೆಕ್ಕ ತಪ್ಪುತ್ತದೆ.

ಒಂದೇ ಚಿಹ್ನೆ, ಹಲವು ಅರ್ಥ: ನವಲಗುಂದ, ಕುಂದಗೋಳ ಕಡೆಯ ಹೊಲದ ಉತಾರದಲ್ಲಿ 2.20 ಎಂದಿದ್ದರೆ ಅದು 2 ಎಕರೆ 20 ಗುಂಟೆ, ಅಂದರೆ ಎರಡೂವರೆ ಎಕರೆ. ಅದಕ್ಕೆ 1.30 ಕೂಡಿಸಿದರೆ ದಶಮಾಂಶದ ಲೆಕ್ಕ 3.50 ಎನ್ನುತ್ತದೆ. ಎಕರೆಗೆ 40 ಗುಂಟೆಯಾದ್ದರಿಂದ ಸರಿಯಾದ ಮೊತ್ತ 4.10. ಇಂಥ ಕಡೆ 'ಎಕರೆ-ಗುಂಟೆ' ಎಂಬ ಬೇರೆಯೇ ಮಾದರಿಯನ್ನು ರಚಿಸಿ, ಅದರ ಮಟ್ಟಿಗೆ + ಹೇಗೆ ನಡೆಯಬೇಕೆಂದು ಪ್ರೋಗ್ರಾಮರ್ ತಾನೇ ಬರೆದುಕೊಳ್ಳಬಹುದು. ಅಲ್ಗಾಲ್ 68 ಈ ಸ್ವಾತಂತ್ರ್ಯ ಕೊಟ್ಟಿತ್ತು. ಸಿ++ ಅದನ್ನು ಬಳಕೆಗೆ ತಂದಿತು. ಚಿಹ್ನೆಯ ಹಿಂದೆ ಏನು ನಡೆಯುತ್ತದೆಂದು ಓದುಗನಿಗೆ ತಿಳಿಯದಂತಾಗುತ್ತದೆ ಎಂಬ ಆಕ್ಷೇಪದಿಂದ ಜಾವಾ (1995) ಅದನ್ನು ಕೈಬಿಟ್ಟಿತು.

ಇತ್ತೀಚಿನ ಬೆಳವಣಿಗೆ: ಹ್ಯಾಸ್ಕೆಲ್, ಸ್ವಿಫ್ಟ್ ಭಾಷೆಗಳಲ್ಲಿ ಹೊಸ ಚಿಹ್ನೆಯನ್ನೂ ಅದರ ಆದ್ಯತೆಯನ್ನೂ ಬಳಕೆದಾರರೇ ಘೋಷಿಸಬಹುದು. ಪೈಥಾನ್ ಅಷ್ಟು ಸಲಿಗೆ ಕೊಡುವುದಿಲ್ಲ; ಆದರೂ 2015ರ 3.5 ಆವೃತ್ತಿಯಲ್ಲಿ ಮಾತೃಕೆಗಳ ಗುಣಾಕಾರಕ್ಕೆಂದು @ ಒಂದನ್ನು ಸೇರಿಸಿತು.