ಕಳೆನಾಶಕಗಳು: ಎಳೆಯ ಕಾಫಿ ಗಿಡಗಳ ಮೇಲಿನ ಪರಿಣಾಮ

ಕಾಫಿ ತೋಟದಲ್ಲಿ ಕಳೆ ಸಾಯಿಸಲು ಬಳಸುವ ರಾಸಾಯನಿಕಗಳು ನರ್ಸರಿಯ ಸಸಿಗಳಿಗೂ ನೆಟ್ಟು ಮೂರು ನಾಲ್ಕು ವರ್ಷ ತುಂಬದ, ಇನ್ನೂ ಫಸಲಿಗೆ ಬಾರದ ಗಿಡಗಳಿಗೂ ಮಾಡುವ ಹಾನಿ ಈ ಲೇಖನದ ವಿಷಯ. ಬಲಿತ ಕಾಫಿ ಗಿಡ ತಾಳಿಕೊಳ್ಳಬಲ್ಲ ಪ್ರಮಾಣದ ಸಿಂಪಡಣೆ ಎಳೆಯ ಗಿಡದ ಬೆಳವಣಿಗೆಯನ್ನು ತಿಂಗಳುಗಟ್ಟಲೆ ತಡೆಯಬಹುದು, ಕೆಲವೊಮ್ಮೆ ಕೊಲ್ಲಲೂಬಹುದು. ಹಾನಿಯ ಲಕ್ಷಣಗಳು ಪೋಷಕಾಂಶದ ಕೊರತೆಯನ್ನು ಹೋಲುವುದರಿಂದ ನಿಜವಾದ ಕಾರಣ ಬಹಳ ಸಲ ಗುರುತಿಗೆ ಬರುವುದಿಲ್ಲ.

ಹಿನ್ನೆಲೆ

ಭಾರತದ ಕಾಫಿಯಲ್ಲಿ ಸುಮಾರು ಶೇ. 70ರಷ್ಟು ಕರ್ನಾಟಕದ್ದು, ಅದರ ನೆಲೆ ಕೊಡಗು, ಚಿಕ್ಕಮಗಳೂರು ಮತ್ತು ಹಾಸನ ಜಿಲ್ಲೆಗಳು. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆಯಲ್ಲಿ ಕಳೆ ಕೆಲವೇ ವಾರಗಳಲ್ಲಿ ಎಳೆಯ ಗಿಡವನ್ನು ಮುಚ್ಚಿಬಿಡುತ್ತದೆ. ಮಳೆಗಾಲದ ಆಸುಪಾಸಿನಲ್ಲಿ ಕತ್ತಿಯಿಂದ ಕಳೆ ಕೊಚ್ಚುವುದು, ಮಳೆ ಹಿಂದೆಗೆದ ಮೇಲೆ ಅಗತೆ ಮಾಡುವುದು, ಕೊಚ್ಚಿದ ಕಳೆಯನ್ನು ಬುಡಕ್ಕೆ ಹೊದಿಸುವುದು ಹಳೆಯ ಪದ್ಧತಿ. ಹೊಸ ತೋಟಗಳಲ್ಲಿ ತೊಟ್ಟಿಲು ಗುಂಡಿ ತೆಗೆದು ನೀರು, ಮಣ್ಣು ಹಿಡಿಯುವ ಕ್ರಮವೂ ಇದರ ಜೊತೆಗೇ ಬೆಳೆಯಿತು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ ಅವರ ಕಾಲದಲ್ಲಿ, 1925ರಲ್ಲಿ ಬಾಳೆಹೊನ್ನೂರಿನ ಬಳಿ ಕಾಫಿ ಪ್ರಯೋಗ ಕೇಂದ್ರ ನೆಲೆಗೊಂಡಿತು. ಇಂದು ಅದು ಕಾಫಿ ಮಂಡಳಿಯ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ. ಕೊಡಗಿನ ಚೆಟ್ಟಳ್ಳಿಯಲ್ಲಿ ಅದರ ಉಪಕೇಂದ್ರವಿದೆ, ಮೈಸೂರಿನಲ್ಲಿ ಕಾಫಿ ಮಂಡಳಿಯ ಅಂಗಾಂಶ ಕೃಷಿ ಮತ್ತು ಜೈವಿಕ ತಂತ್ರಜ್ಞಾನ ಘಟಕವಿದೆ.

ಕಳೆನಾಶಕಗಳಲ್ಲಿ ಪ್ಯಾರಾಕ್ವಾಟ್ 1962ರಲ್ಲಿ ಮಾರುಕಟ್ಟೆಗೆ ಬಂತು. ಗ್ಲೈಫೋಸೇಟ್‌ನ ಕಳೆನಾಶಕ ಗುಣವನ್ನು ಮಾನ್ಸಾಂಟೊ ಕಂಪನಿಯ ಜಾನ್ ಫ್ರಾಂಜ್ 1970ರಲ್ಲಿ ಕಂಡರು. 1974ರಿಂದ ಅದು ರೌಂಡಪ್ ಎಂಬ ಹೆಸರಿನಲ್ಲಿ ಮಾರಾಟವಾಯಿತು. ಮಲೆನಾಡಿನಲ್ಲಿ ಇವು ಹರಡಲು ಮುಖ್ಯ ಕಾರಣ ಆಳಿನ ಅಭಾವ. ಹತ್ತು ಮಂದಿ ಹಲವು ದಿನ ಕೊಚ್ಚುವ ಜಾಗವನ್ನು ಬೆನ್ನಿಗೆ ಸ್ಪ್ರೇಯರ್ ಕಟ್ಟಿಕೊಂಡ ಒಬ್ಬರು ಬೇಗ ಮುಗಿಸುತ್ತಾರೆ. ಈ ಆರ್ಥಿಕ ಒತ್ತಡವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಬೆಳೆಗಾರರ ಆಯ್ಕೆಯನ್ನು ಅಳೆಯುವುದು ನ್ಯಾಯವಲ್ಲ. ಕಳೆಯೂ ಎಳೆಯ ಗಿಡಕ್ಕೆ ಶತ್ರುವೇ: ಗರಿಕೆಯಂಥ ಹುಲ್ಲುಗಳು ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ಒಣ ತಿಂಗಳುಗಳಲ್ಲಿ ಮೇಲ್ಮಣ್ಣಿನ ತೇವವನ್ನು ಕಾಫಿಗಿಂತ ಮೊದಲೇ ಹೀರಿಬಿಡುತ್ತವೆ.

ಎಳೆಯ ಗಿಡದ ದೌರ್ಬಲ್ಯ

ಬಲಿತ ಗಿಡದ ಕಾಂಡಕ್ಕೆ ತೊಗಟೆಯ ರಕ್ಷಣೆ ಇರುತ್ತದೆ. ಸಸಿಯ ಕಾಂಡ ಹಸಿರು. ಎಲೆಯಂತೆ ಅದೂ ರಾಸಾಯನಿಕವನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಎರಡನೆಯದು ಎತ್ತರ. ದೊಡ್ಡ ಗಿಡದಲ್ಲಿ ನಾಝಲ್‌ನ ಮಟ್ಟಕ್ಕೆ ಸಿಗುವುದು ಕೆಳಗಿನ ಒಂದೆರಡು ರೆಂಬೆ ಮಾತ್ರ, ಒಂದು ವರ್ಷದ ಗಿಡದಲ್ಲಿ ತುದಿಮೊಗ್ಗೇ ಆ ಮಟ್ಟದಲ್ಲಿರುತ್ತದೆ. ಬೇರೂ ಮೇಲ್ಮಣ್ಣಿನಲ್ಲೇ ಇರುವುದರಿಂದ ಮಣ್ಣಿಗೆ ಹಾಕುವ ಕಳೆನಾಶಕಗಳು ಅದನ್ನು ಬೇಗ ತಲುಪುತ್ತವೆ.

ಮರದ ನೆರಳು ರಕ್ಷಣೆ ಕೊಡುತ್ತದೆಂಬ ನಂಬಿಕೆ ಪೂರ್ತಿ ಸರಿಯಲ್ಲ. ನೆರಳಿನಲ್ಲಿ ಬೆಳೆದ ಎಲೆ ಅಗಲ, ತೆಳು. ಅದರ ಮೇಲಿನ ಮೇಣದ ಪದರವೂ ಸಾಮಾನ್ಯವಾಗಿ ತೆಳು. ಅಂಗಾಂಶ ಕೃಷಿಯಿಂದ ಬಂದ ಸಸಿಗಳಲ್ಲಿ ಹೊರಗಿನ ಹವೆಗೆ ಹೊಂದಿಕೊಳ್ಳುವವರೆಗೆ ಈ ಪದರ ಇನ್ನೂ ದುರ್ಬಲವಾಗಿರುತ್ತದೆ.

ಆದರೆ ಹೆಚ್ಚಿನ ನಷ್ಟ ಕಾಣುವುದು ಹೊಸದಾಗಿ ನೆಟ್ಟ ತೋಟದಲ್ಲಲ್ಲ. ಹಳೆಯ ತೋಟದಲ್ಲಿ ಬಿಳಿ ಕಾಂಡಕೊರಕಕ್ಕೆ ಬಲಿಯಾಗಿ ಕಿತ್ತ ಗಿಡಗಳ ಜಾಗಕ್ಕೆ ನೆಟ್ಟ ಸಸಿಗಳಲ್ಲಿ. ಹೊಸ ತೋಟದಲ್ಲಿ ಸಿಂಪಡಿಸುವವರ ಕಣ್ಣು ಪ್ರತಿ ಗಿಡದ ಮೇಲಿರುತ್ತದೆ. ಹಳೆಯ ತೋಟದಲ್ಲಿ ದೊಡ್ಡ ಗಿಡಗಳಿಗೆ ಏನೂ ಆಗದೆಂಬ ಧೈರ್ಯದಿಂದ ಸಾಲು ಹಿಡಿದು ಹೊಡೆಯುತ್ತ ಹೋಗುತ್ತಾರೆ. ಕಳೆಯ ನಡುವೆ ಮುಳುಗಿದ ಸಸಿ ಕಾಣುವುದಿಲ್ಲ. ಅಲ್ಲೊಂದು ಇಲ್ಲೊಂದು ಸತ್ತ ಸಸಿ ಯಾವ ಲೆಕ್ಕಕ್ಕೂ ಬಾರದೆ, ಮುಂದಿನ ವರ್ಷ ಅದೇ ಗುಂಡಿಗೆ ಇನ್ನೊಂದು ಸಸಿ ಬೀಳುತ್ತದೆ.

ರಾಸಾಯನಿಕಗಳು ಮತ್ತು ಅವುಗಳ ಕ್ರಿಯೆ

ಪ್ಯಾರಾಕ್ವಾಟ್ ತಾಗಿದ ಕಡೆ ಮಾತ್ರ ಸುಡುತ್ತದೆ. ದ್ಯುತಿಸಂಶ್ಲೇಷಣೆಯ ಎಲೆಕ್ಟ್ರಾನ್‌ಗಳನ್ನು ಕಸಿದು ಆಮ್ಲಜನಕಕ್ಕೆ ಕೊಡುವ ಮೂಲಕ ಜೀವಕೋಶದ ಪೊರೆಗಳನ್ನು ಒಡೆಯುವುದು ಅದರ ಬಗೆ. ಬಿಸಿಲಿದ್ದರೆ ಕೆಲವೇ ಗಂಟೆಗಳಲ್ಲಿ ನೀರು ನೆನೆದಂಥ ಕಲೆ, ಮರುದಿನ ಕಂದು ಬಣ್ಣ. ಮೋಡ ಮುಸುಕಿದ ದಿನ ಅಥವಾ ಸಂಜೆ ಸಿಂಪಡಿಸಿದರೆ ಕ್ರಿಯೆ ನಿಧಾನವಾಗಿ, ಎಲೆಯೊಳಗೆ ಇನ್ನಷ್ಟು ದೂರ ಹರಡುತ್ತದೆ. ಎಲೆಗೆ ಬಿದ್ದ ಹನಿಗಳಿಂದ ಸಸಿ ಚೇತರಿಸಿಕೊಳ್ಳುತ್ತದೆ. ಹಸಿರು ಕಾಂಡದ ಸುತ್ತ ಉಂಗುರದಂತೆ ಸುಟ್ಟರೆ ಆಹಾರ ಸಾಗಣೆ ಕಡಿದು, ಗಿಡ ಕೆಲವು ವಾರಗಳ ಮೇಲೆ ಒಣಗುತ್ತದೆ. ಮನುಷ್ಯರ ದೇಹಕ್ಕೆ ಸೇರಿದರೆ ಇದಕ್ಕೆ ಪ್ರತಿವಿಷವಿಲ್ಲ. ಯುರೋಪಿಯನ್ ಒಕ್ಕೂಟದಲ್ಲಿ 2007ರಿಂದ ಇದಕ್ಕೆ ಅನುಮತಿಯಿಲ್ಲ.

2,4-ಡಿ ಸಸ್ಯದ ಬೆಳವಣಿಗೆ ಹಾರ್ಮೋನಿನಂತೆ ನಟಿಸುವ ರಾಸಾಯನಿಕ. ಅಗಲ ಎಲೆಯ ಕಳೆಗಳನ್ನು ಕೊಲ್ಲಲು ಇದನ್ನು ಭತ್ತದ ಗದ್ದೆಗಳಲ್ಲಿ ಬಳಸುತ್ತಾರೆ. ಕಾಫಿಯೂ ಅಗಲ ಎಲೆಯ ಗಿಡವೇ. ಕೊಡಗಿನಲ್ಲಿ ಗದ್ದೆ ತಗ್ಗಿನಲ್ಲೂ ತೋಟ ಅದರ ಮೇಲಿನ ಇಳಿಜಾರಿನಲ್ಲೂ ಇರುವುದು ಸಾಮಾನ್ಯ. ಎಸ್ಟರ್ ರೂಪದ 2,4-ಡಿ ಸುಲಭವಾಗಿ ಆವಿಯಾಗಿ ಗದ್ದೆಯಂಚಿನ ಕಾಫಿಯನ್ನು ತಲುಪಬಲ್ಲದು. ಎಳೆಯ ತೊಟ್ಟು ತಿರುಚಿಕೊಳ್ಳುವುದು, ಎಲೆ ಬಟ್ಟಲಾಗುವುದು, ಕಾಂಡ ಉಬ್ಬಿ ಬಿರಿಯುವುದು ಇದರ ಗುರುತು.

ಮೊಳಕೆಗೆ ಮುಂಚೆ ಮಣ್ಣಿಗೆ ಹಾಕುವ ಆಕ್ಸಿಫ್ಲೋರ್ಫೆನ್‌ನಿಂದ ತೊಂದರೆಯಾಗುವುದು ಮಳೆಹನಿ ಮಣ್ಣನ್ನು ಕೆಳಗಿನ ಎಲೆಗಳಿಗೆ ಸಿಡಿಸಿದಾಗ. ಡಯುರಾನ್ ಬೇರಿನಿಂದ ಏರಿ ಎಲೆಯನ್ನು ಹಳದಿಯಾಗಿಸುತ್ತದೆ. ಗ್ಲುಫೋಸಿನೇಟ್ ಗಿಡದಲ್ಲಿ ಅಮೋನಿಯಾ ಸೇರುವಂತೆ ಮಾಡಿ ಎಲೆ ಸುಡುತ್ತದೆ.

ಗ್ಲೈಫೋಸೇಟ್ ಹಾನಿ ಮತ್ತು ಅದರ ನಿದಾನ

ಗ್ಲೈಫೋಸೇಟ್ ಇಪಿಎಸ್‌ಪಿ ಸಿಂಥೇಸ್ ಎಂಬ ಕಿಣ್ವವನ್ನು ತಡೆಯುತ್ತದೆ. ಫಿನೈಲ್‌ಅಲನಿನ್, ಟೈರೊಸಿನ್, ಟ್ರಿಪ್ಟೊಫಾನ್ ಎಂಬ ಅಮೈನೊ ಆಮ್ಲಗಳನ್ನು ಗಿಡ ತಯಾರಿಸುವುದು ಈ ಕಿಣ್ವದ ದಾರಿಯಲ್ಲೇ. ದಾರಿ ಕಟ್ಟಿದಾಗ ಅದರ ಹಿಂದಿನ ಶಿಕಿಮಿಕ್ ಆಮ್ಲ ಎಲೆಯಲ್ಲಿ ಸಂಗ್ರಹವಾಗುತ್ತದೆ. ಪ್ರಯೋಗಾಲಯದಲ್ಲಿ ಹಾನಿಯನ್ನು ಗುರುತಿಸಲು ಈ ಆಮ್ಲವನ್ನೇ ಅಳೆಯುತ್ತಾರೆ.

ಈ ರಾಸಾಯನಿಕ ಬಿದ್ದ ಎಲೆಯಲ್ಲಿ ನಿಲ್ಲುವುದಿಲ್ಲ. ಗಿಡ ತಯಾರಿಸಿದ ಸಕ್ಕರೆಯ ಜೊತೆ ಸಾಗಿ, ಬೆಳೆಯುತ್ತಿರುವ ತುದಿಗಳಲ್ಲಿ ಸೇರುತ್ತದೆ. ಹೀಗಾಗಿ ಕೆಳಗಿನ ಒಂದು ಎಲೆಗೆ ತಾಗಿದರೂ ಪರಿಣಾಮ ಮೇಲಿನ ಚಿಗುರಿನಲ್ಲಿ ಕಾಣುತ್ತದೆ. ತಾಗಿದ ಎಲೆ ಹಸಿರಾಗಿಯೇ ಉಳಿದಿರುವುದೂ ಉಂಟು. ಸಿಂಪಡಿಸುವಾಗ ಗಾಳಿಯಲ್ಲಿ ತೇಲಿಬರುವ ಹನಿ, ಅಂದರೆ ಗಾಳಿಹನಿಯಷ್ಟೇ ಬಿದ್ದಿದ್ದರೆ ಗಿಡ ಸಾಯುವುದಿಲ್ಲ. ವಾರಗಳ ನಂತರ ಬಂದ ಹೊಸ ಎಲೆಗಳು ಬಿದಿರೆಲೆಯಂತೆ ಕಿರಿದಾಗಿ, ಗಡುಸಾಗಿ, ನರಗಳ ನಡುವೆ ಬಿಳಿಚಿಕೊಂಡು ಬರುತ್ತವೆ. ಗೆಣ್ಣುಗಳ ಅಂತರ ಕುಗ್ಗುತ್ತದೆ. ತುದಿಮೊಗ್ಗು ಸೋತಲ್ಲಿ ಪಕ್ಕದ ಮೊಗ್ಗುಗಳು ಗುಂಪಾಗಿ ಒಡೆಯುತ್ತವೆ. ಸಿಂಪಡಿಸಿದ ದಿನಕ್ಕೂ ಲಕ್ಷಣ ಕಂಡ ದಿನಕ್ಕೂ ಇಷ್ಟು ಅಂತರವಿರುವುದರಿಂದ ಎರಡಕ್ಕೂ ಸಂಬಂಧವಿದೆ ಎಂದು ಯಾರಿಗೂ ಹೊಳೆಯುವುದಿಲ್ಲ.

ಸತುವಿನ ಕೊರತೆಯೂ ಹೆಚ್ಚುಕಡಿಮೆ ಹೀಗೆಯೇ ಕಾಣುತ್ತದೆ: ಕಿರಿದಾದ ಎಲೆ, ಕುಗ್ಗಿದ ಗೆಣ್ಣು, ತುದಿಯಲ್ಲಿ ಎಲೆಗಳ ಗೊಂಚಲು. ಬೆಳೆಗಾರರು ಸತುವಿನ ಸಲ್ಫೇಟ್ ಸಿಂಪಡಿಸುತ್ತಾರೆ. ಕೊರತೆಯಿದ್ದರೆ ಮುಂದಿನ ಚಿಗುರು ಸುಧಾರಿಸುತ್ತದೆ, ಕಳೆನಾಶಕದ ಹಾನಿಯಾಗಿದ್ದರೆ ಪೋಷಕಾಂಶದಿಂದ ಪ್ರಯೋಜನವಿಲ್ಲ. ಗಿಡ ಕೆಲವು ತಿಂಗಳ ಮೇಲೆ ತಾನಾಗಿ ಚೇತರಿಸಿಕೊಂಡಾಗ ಯಶಸ್ಸು ಸತುವಿನ ಲೆಕ್ಕಕ್ಕೆ ಸೇರುತ್ತದೆ. ಹೀಗೆ ತಪ್ಪು ನಿದಾನ ತನ್ನನ್ನು ತಾನೇ ದೃಢಪಡಿಸಿಕೊಳ್ಳುತ್ತದೆ.

ಎರಡನ್ನೂ ಬೇರ್ಪಡಿಸಲು ತೋಟದಲ್ಲೇ ನೋಡಬೇಕಾದದ್ದು ಹಾನಿಯ ಹಂಚಿಕೆ. ಕೊರತೆ ಮಣ್ಣನ್ನು ಅನುಸರಿಸುತ್ತದೆ: ಒಂದು ಪ್ರದೇಶದ ದೊಡ್ಡ ಗಿಡ, ಸಣ್ಣ ಗಿಡ ಎಲ್ಲದರಲ್ಲೂ ಸ್ವಲ್ಪವಾದರೂ ಕಾಣುತ್ತದೆ. ಕಳೆನಾಶಕದ ಹಾನಿ ಸಿಂಪಡಿಸಿದವರ ನಡಿಗೆಯನ್ನು ಅನುಸರಿಸುತ್ತದೆ: ಹಾದಿಯಂಚಿನಲ್ಲಿ, ಸಾಲಿನ ಒಂದೇ ಬದಿಯಲ್ಲಿ, ಗಾಳಿ ಬೀಸಿದ ದಿಕ್ಕಿನಲ್ಲಿ. ಅದೇ ಗಿಡದಲ್ಲಿ ಹಳೆಯ ಎಲೆಗಳು ಸಹಜ ಆಕಾರದಲ್ಲಿದ್ದು, ಒಂದು ಗೆಣ್ಣಿನಿಂದ ಮೇಲಕ್ಕೆ ಥಟ್ಟನೆ ಎಲೆ ಕಿರಿದಾಗಿದ್ದರೆ ಅನುಮಾನ ಬಲವಾಗುತ್ತದೆ. ಪಕ್ಕದಲ್ಲಿ ಬದುಕುಳಿದ ಕಳೆಗಳನ್ನೂ ನೋಡಬೇಕು. ಅವುಗಳ ಚಿಗುರಿನಲ್ಲಿ ಅದೇ ವಿಕಾರ ಇದ್ದರೆ ಮಣ್ಣನ್ನು ದೂರುವಂತಿಲ್ಲ.

ಸುಟ್ಟ ಗುರುತಿಗೂ ಹೋಲಿಕೆಗಳಿವೆ. ಕಳೆ ಕೊಚ್ಚುವ ಯಂತ್ರದ ದಾರ ತಾಗಿ ಬುಡದ ಸಿಪ್ಪೆ ಸುಲಿದರೂ ಗಿಡ ವಾರಗಳ ನಂತರ ಒಣಗುತ್ತದೆ. ಆಗ ಗಾಯದ ಅಂಚು ಹರಿದಿರುತ್ತದೆ, ರಾಸಾಯನಿಕದ ಸುಟ್ಟ ಗಾಯದಲ್ಲಿ ಸಿಪ್ಪೆ ಒಳಸೇರಿ ಅಂಟಿಕೊಂಡಿರುತ್ತದೆ. ನರ್ಸರಿಯಲ್ಲಿ ಬುಡ ಕೊಳೆಯುವುದು ಶಿಲೀಂಧ್ರದ ಕೆಲಸ.

ಕಳೆನಾಶಕ ಗಿಡವನ್ನು ತಲುಪುವ ಇನ್ನೊಂದು ದಾರಿ ಸ್ಪ್ರೇಯರ್. ಮುಂಗಾರಿಗೆ ಮುನ್ನ ಎಲೆ ತುಕ್ಕು ರೋಗಕ್ಕೆ ಶೇ. 0.5ರ ಬೋರ್ಡೊ ದ್ರಾವಣ ಸಿಂಪಡಿಸುವುದು ಕಾಫಿಯಲ್ಲಿ ವಾಡಿಕೆ. ಕಳೆನಾಶಕ ಹೊಡೆದ ಸ್ಪ್ರೇಯರ್‌ನಲ್ಲೇ ಅದನ್ನು ತುಂಬಿದರೆ, ಟ್ಯಾಂಕಿನಲ್ಲಿ ಉಳಿದ ಅಂಶ ನೇರವಾಗಿ ಗಿಡದ ನೆತ್ತಿಗೇ ಬೀಳುತ್ತದೆ. 2,4-ಡಿ ಈ ವಿಷಯದಲ್ಲಿ ಅತಿ ಅಪಾಯಕಾರಿ. ಒಮ್ಮೆ ನೀರಿನಲ್ಲಿ ತೊಳೆದರೆ ಅದು ಹೋಗುವುದಿಲ್ಲ.

ಬ್ರೆಜಿಲ್‌ನಲ್ಲಿ ಅರೇಬಿಕಾ ಸಸಿಗಳ ಮೇಲೆ ಗಾಳಿಹನಿಯಷ್ಟು ಪ್ರಮಾಣದ ಗ್ಲೈಫೋಸೇಟ್ ಹಾಕಿ ನಡೆಸಿದ ಪ್ರಯೋಗಗಳಲ್ಲಿ ಪ್ರಮಾಣ ಏರಿದಂತೆ ಬೆಳವಣಿಗೆ ಕುಂದಿತು. ತಳಿಯಿಂದ ತಳಿಗೆ ತಾಳಿಕೆ ಬೇರೆಯಿತ್ತು. ಅಲ್ಲಿನದು ಬಹುಪಾಲು ಬಯಲು ಬಿಸಿಲಿನ ಕಾಫಿ. ನೆರಳು ಮತ್ತು ಮುಂಗಾರಿನ ನಮ್ಮ ತೋಟಗಳಿಗೆ ಆ ಅಂಕಿಗಳನ್ನು ಹಾಗೆಯೇ ಅನ್ವಯಿಸಲಾಗದು.

ಮಣ್ಣು ಮತ್ತು ಕಳೆಗಳ ಬದಲಾವಣೆ

ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡ್ ಹೆಚ್ಚಿರುವ ಮಲೆನಾಡಿನ ಕೆಂಪು ಮಣ್ಣು ಗ್ಲೈಫೋಸೇಟನ್ನು ಗಟ್ಟಿಯಾಗಿ ಹಿಡಿದಿಟ್ಟುಕೊಳ್ಳುತ್ತದೆ. ಆದರೆ ಮಣ್ಣಿನ ಅದೇ ನೆಲೆಗಳಿಗೆ ರಂಜಕವೂ ಪೈಪೋಟಿ ಮಾಡುತ್ತದೆ. ನಾಟಿಯ ಗುಂಡಿಗೆ ರಂಜಕದ ಗೊಬ್ಬರ ಹಾಕುವುದು ರೂಢಿಯಾದ್ದರಿಂದ, ಹಿಡಿದಿಟ್ಟ ಅಂಶ ಸ್ವಲ್ಪ ಮಟ್ಟಿಗೆ ಬಿಡುಗಡೆಯಾಗುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ. ಪದೇ ಪದೇ ಒಂದೇ ಕಳೆನಾಶಕ ಬಳಸಿದಲ್ಲಿ ಅದಕ್ಕೆ ಸುಲಭವಾಗಿ ಮಣಿಯದ ಕನ್ನೆಸೊಪ್ಪಿನ ಜಾತಿಗಳು ಮೇಲುಗೈ ಪಡೆಯುತ್ತವೆ. ನೆಲ ಬೆತ್ತಲಾದ ಇಳಿಜಾರಿನಲ್ಲಿ ಮೇಲ್ಮಣ್ಣು ಮೊದಲ ಮಳೆಗೇ ಕೊಚ್ಚಿಹೋಗಿ ಸಸಿಯ ಬೇರು ಹೊರಬೀಳುತ್ತದೆ.

ನಿಯಮಗಳು

ಕೀಟನಾಶಕಗಳ ಕಾಯ್ದೆ, 1968ರ ಅಡಿಯಲ್ಲಿ ಗ್ಲೈಫೋಸೇಟ್‌ಗೆ ಬಳಕೆಯ ಅನುಮೋದನೆ ಇದ್ದದ್ದು ಚಹಾ ತೋಟಗಳಿಗೆ ಮತ್ತು ಬೆಳೆಯಿಲ್ಲದ ಜಾಗಗಳಿಗೆ. ಕಾಫಿ ಆ ಪಟ್ಟಿಯಲ್ಲಿರಲಿಲ್ಲ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2015ರಲ್ಲಿ ಗ್ಲೈಫೋಸೇಟನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ಸಂಭವವುಳ್ಳ ವಸ್ತುವೆಂದು ವರ್ಗೀಕರಿಸಿತು. ಕೇರಳ 2019ರಲ್ಲಿ ಮಾರಾಟ ನಿಷೇಧಿಸಿತು. ಕೀಟ ನಿಯಂತ್ರಣ ನಿರ್ವಾಹಕರನ್ನು ಬಿಟ್ಟು ಬೇರಾರೂ ಇದನ್ನು ಬಳಸಕೂಡದೆಂದು ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಅಧಿಸೂಚನೆ ಹೊರಡಿಸಿತು.

ತಡೆ ಮತ್ತು ಚೇತರಿಕೆ

ನರ್ಸರಿಯಲ್ಲೂ ನೆಟ್ಟ ಮೊದಲ ವರ್ಷಗಳಲ್ಲೂ ಕಳೆನಾಶಕ ಬೇಡವೆಂಬುದು ಸುರಕ್ಷಿತ ನಿಲುವು. ಗಿಡದ ಬುಡದ ಸುತ್ತ ಎರಡು ಅಡಿಯಷ್ಟನ್ನು ಕೈಯಿಂದಲೇ ತೆಗೆದು, ತರಗಿನ ಹೊದಿಕೆ ಹಾಕಿ, ಸಾಲುಗಳ ನಡುವೆ ಹುರುಳಿ ಅಥವಾ ಅಲಸಂದೆ ಬಿತ್ತಿದರೆ ಕಳೆಯ ಒತ್ತಡ ಕಡಿಮೆಯಾಗುತ್ತದೆ. ಹಳೆಯ ತೋಟದಲ್ಲಿ ಸಿಂಪಡಿಸಲೇಬೇಕಾದರೆ ಮೊದಲು ಪ್ರತಿ ಸಸಿಯ ಪಕ್ಕ ಎತ್ತರದ ಗೂಟ ನೆಡಬೇಕು. ನಾಝಲ್‌ಗೆ ಮುಸುಕು ಹಾಕಿ, ಒತ್ತಡ ತಗ್ಗಿಸಿ, ಗಾಳಿಯಿಲ್ಲದ ಹೊತ್ತಿನಲ್ಲಿ ಹೊಡೆಯಬೇಕು. ಸಸಿಯ ಮೇಲೆ ಬಕೆಟ್ ಕವುಚುವ ಸರಳ ಉಪಾಯವೂ ಫಲ ಕೊಡುತ್ತದೆ. ಕಳೆನಾಶಕದ ಸ್ಪ್ರೇಯರ್ ಬೇರೆಯೇ ಇರಬೇಕು.

ಗ್ಲೈಫೋಸೇಟ್ ತಾಗಿದ್ದು ಆ ಕ್ಷಣವೇ ಗೊತ್ತಾದರೆ ಧಾರಾಳ ನೀರಿನಿಂದ ತೊಳೆಯುವುದರಿಂದ ಸ್ವಲ್ಪ ಉಪಯೋಗವಿದೆ. ಒಳಸೇರಿದ ಮೇಲೆ ಅದನ್ನು ತೆಗೆಯುವ ಮದ್ದಿಲ್ಲ. ಪ್ಯಾರಾಕ್ವಾಟ್‌ನಿಂದ ತುದಿ ಸುಟ್ಟಿದ್ದು ಬುಡ ಆರೋಗ್ಯವಾಗಿದ್ದರೆ ಆರೋಗ್ಯವಂತ ಗೆಣ್ಣಿನ ಮೇಲೆ ಕತ್ತರಿಸಿ, ಬರುವ ಕಂಬಚಿಗುರುಗಳಲ್ಲಿ ಒಂದನ್ನು ಉಳಿಸಬಹುದು. ಕಾಂಡದ ಸುತ್ತ ಸುಟ್ಟ ಸಸಿಯನ್ನು ಕಿತ್ತು ಮುಂದಿನ ನಾಟಿಗೆ ಹೊಸದನ್ನು ಇಡುವುದೇ ಮೇಲು.