ಟೆಲಿಕನ್ವರ್ಟರ್: ದೂರಕ್ಕೆ ತೆರುವ ಬೆಲೆ

ಪುಣೆಯಿಂದ ಸೊಲ್ಲಾಪುರದ ಕಡೆಗೆ ಸುಮಾರು ನೂರು ಕಿಲೋಮೀಟರ್ ಹೋದರೆ ಭಿಗ್ವಣ ಸಿಗುತ್ತದೆ. ಭೀಮಾ ನದಿಗೆ ಕಟ್ಟಿದ ಉಜನಿ ಅಣೆಕಟ್ಟಿನ ಹಿನ್ನೀರು ಅದು. ಇದೇ ಭೀಮೆ ಮುಂದೆ ನಮ್ಮ ಕಲಬುರಗಿ ಸೀಮೆಯನ್ನು ಹಾದು ಕೃಷ್ಣೆಯನ್ನು ಸೇರುತ್ತಾಳೆ. ಚಳಿಗಾಲದಲ್ಲಿ ಇಲ್ಲಿಗೆ ಫ್ಲೆಮಿಂಗೊಗಳು ಬರುತ್ತವೆ, ಅವುಗಳ ಹಿಂದೆ ನಮ್ಮಂಥ ಐಟಿಯವರೂ ಕ್ಯಾಮೆರಾ ಹೊತ್ತು ಬರುತ್ತೇವೆ.

ಕೆಲವು ವರ್ಷಗಳ ಹಿಂದೆ ಒಂದು ಭಾನುವಾರ ಬೆಳಿಗ್ಗೆ ಅಲ್ಲಿ ದೋಣಿಯಲ್ಲಿದ್ದೆ. ಕೈಯಲ್ಲಿ 200-500 ಮಿ.ಮೀ. ಜೂಮ್ ಲೆನ್ಸ್. ಆದರೂ ಹಕ್ಕಿ ಫ್ರೇಮಿನಲ್ಲಿ ಚಿಕ್ಕದಾಗಿಯೇ ಕಾಣುತ್ತಿತ್ತು. "ದಾದಾ, ಇನ್ನೂ ಸ್ವಲ್ಪ ಹತ್ತಿರ" ಎಂದೆ. ದೋಣಿಯವರು ಬೇಡವೆಂದು ತಲೆಯಾಡಿಸಿದರು. ನಾನು ಬಿಡಲಿಲ್ಲ. ದೋಣಿ ಹತ್ತು ಮಾರು ಮುಂದೆ ಹೋಗುವಷ್ಟರಲ್ಲಿ ಮೇಯುತ್ತಿದ್ದ ಇಡೀ ಹಿಂಡು ಎದ್ದು ಆಚೆ ದಡಕ್ಕೆ ಹಾರಿಹೋಯಿತು. ಹಾರುವ ಹಕ್ಕಿಗಳ ಫೋಟೊ ಚೆನ್ನಾಗಿಯೇ ಬಂತು, ವಾಟ್ಸಾಪಿನಲ್ಲಿ ಮೆಚ್ಚುಗೆಯೂ ಬಂತು. ಆದರೆ ಅವುಗಳನ್ನು ಎಬ್ಬಿಸಿದವನು ನಾನು ಎಂಬುದು ನನಗೂ ದೋಣಿಯವರಿಗೂ ಗೊತ್ತಿತ್ತು. ಆ ವಾರವೇ 1.4 ಪಟ್ಟಿನ ಟೆಲಿಕನ್ವರ್ಟರ್ ಕೊಂಡೆ. ಅಂಗೈಯಲ್ಲಿ ಹಿಡಿಯುವ ಈ ಗಾಜಿನ ಬಿಲ್ಲೆಯ ಚರಿತ್ರೆ ಹುಡುಕಿದರೆ ಅದು ಬಹಳ ಹಳೆಯದು!

1830ರ ದಶಕದಲ್ಲಿ ಇಂಗ್ಲೆಂಡಿನ ಗಣಿತಜ್ಞ ಪೀಟರ್ ಬಾರ್ಲೊ, ಜಾರ್ಜ್ ಡೊಲಂಡ್ ಎಂಬ ಮಸೂರ ತಯಾರಕನ ನೆರವಿನಿಂದ ದೂರದರ್ಶಕಕ್ಕೆ ಒಂದು ಮಸೂರ ಸೇರಿಸಿದ. ಪೀನ ಮಸೂರ ಬೆಳಕನ್ನು ಒಂದೆಡೆ ಕೂಡಿಸುತ್ತದೆ ಎಂದು ನಾವು ಶಾಲೆಯಲ್ಲಿ ಓದಿದ್ದೇವಲ್ಲ. ಆ ಕಿರಣಗಳು ಕೂಡುವ ಮೊದಲೇ ನಡುವೆ ನಿಮ್ನ ಗುಣದ ಮಸೂರವಿಟ್ಟರೆ ಅವು ಇನ್ನಷ್ಟು ದೂರ ಹೋಗಿ ಕೂಡುತ್ತವೆ, ಬಿಂಬ ದೊಡ್ಡದಾಗುತ್ತದೆ. ಖಗೋಳ ಹವ್ಯಾಸಿಗಳು ಇಂದಿಗೂ ಅದನ್ನು ಬಾರ್ಲೊ ಲೆನ್ಸ್ ಎಂದೇ ಕರೆಯುತ್ತಾರೆ. 1891ರಲ್ಲಿ ಇಂಗ್ಲೆಂಡಿನ ಥಾಮಸ್ ಡಾಲ್ಮೇಯರ್, ಜರ್ಮನಿಯ ಅಡಾಲ್ಫ್ ಮೀಥೆ ಮೊದಲಾದವರು ಬೇರೆಬೇರೆಯಾಗಿ ಇದೇ ತತ್ತ್ವದಿಂದ ಕ್ಯಾಮೆರಾಕ್ಕೆ ಟೆಲಿಫೋಟೊ ಲೆನ್ಸ್ ರೂಪಿಸಿದರು.

ಆದರೆ ಲೆಕ್ಕ ಅಂದೂ ಇಂದೂ ಒಂದೇ. ಅಷ್ಟೇ ಬೆಳಕು ದೊಡ್ಡ ಬಿಂಬದ ಮೇಲೆ ಹರಡಿಕೊಳ್ಳಬೇಕು. 1.4 ಪಟ್ಟು ಹಿಗ್ಗಿಸಿದರೆ ಬೆಳಕು ಅರ್ಧ, 2 ಪಟ್ಟಿಗೆ ಕಾಲು ಭಾಗ. ನನ್ನ ಎಫ್/5.6 ಜೂಮ್ 280-700 ಮಿ.ಮೀ. ಆಗುವಾಗ ಎಫ್/8ಕ್ಕೆ ಇಳಿಯುತ್ತದೆ. ಮೂಲ ಲೆನ್ಸಿನ ದೋಷಗಳೂ ಅಷ್ಟೇ ಪಟ್ಟು ಹಿಗ್ಗುತ್ತವೆ. ಪ್ರಾಜೆಕ್ಟಿನಲ್ಲಿ ಸ್ಕೋಪ್ ಹೆಚ್ಚಿಸಿ ಬಜೆಟ್ ಅಷ್ಟೇ ಇಡಿ ಎಂದರೆ ನಡೆದೀತೆ?

ಆ ಕಾಲದ ಫಿಲ್ಮಿಗೆ ಕಾಡಿನ ಮಸುಕು ಬೆಳಕೇ ಸಾಲುತ್ತಿರಲಿಲ್ಲ, ಅದರಲ್ಲಿ ಅರ್ಧ ಬಿಟ್ಟುಕೊಡುವುದು ದೂರದ ಮಾತು. ಹಾಗಾಗಿ ಕ್ಯಾಮೆರಾವೇ ಪ್ರಾಣಿಯ ಬಳಿಗೆ ಹೋಗಬೇಕಿತ್ತು. ಸಂಯುಕ್ತ ಪ್ರಾಂತ್ಯದ ಅರಣ್ಯಾಧಿಕಾರಿ ಎಫ್. ಡಬ್ಲ್ಯು. ಚಾಂಪಿಯನ್ ಹುಲಿಯ ದಾರಿಗೆ ತಂತಿ ಕಟ್ಟಿ, ಅದರ ಕಾಲು ತಾಕಿದೊಡನೆ ಫ್ಲ್ಯಾಶ್ ಹೊತ್ತಿ ಚಿತ್ರ ಬೀಳುವಂತೆ ಮಾಡಿದರು. ಅವರ ಪುಸ್ತಕ 1927ರಲ್ಲಿ ಬಂತು. ಕೋವಿಯ ಬದಲು ಕ್ಯಾಮೆರಾ ಹಿಡಿದದ್ದು ಅಂದು ದೊಡ್ಡ ಮಾತೇ, ಆದರೂ ಕತ್ತಲಲ್ಲಿ ಬೆಚ್ಚಿದ್ದು ಹುಲಿ. ಒಂದು ಕಾಲಕ್ಕೆ ಸಂಡೂರು ಸಂಸ್ಥಾನದಲ್ಲಿ ಕೆಲಸ ಮಾಡಿದ್ದ ಮದ್ರಾಸಿನ ಎಂ. ಕೃಷ್ಣನ್ ಆನೆಯ ಬೆನ್ನೇರಿ ಹೋಗಿ, ಬಿಡಿಭಾಗ ಜೋಡಿಸಿ ತಾವೇ ಮಾಡಿಕೊಂಡ ಕ್ಯಾಮೆರಾದಿಂದ ಕಪ್ಪುಬಿಳುಪು ಚಿತ್ರ ತೆಗೆದರು.

1960ರ ದಶಕದಲ್ಲಿ ಎಸ್‌ಎಲ್‌ಆರ್ ಕ್ಯಾಮೆರಾಗಳಿಗೆ ಅಗ್ಗದ ಕನ್ವರ್ಟರ್‌ಗಳು ಬಂದವು. ಯಾವ ಲೆನ್ಸಿಗಾದರೂ ಸಿಕ್ಕಿಸಬಹುದಾಗಿದ್ದರಿಂದ ಯಾವುದಕ್ಕೂ ಸರಿಯಾಗಿ ಹೊಂದುತ್ತಿರಲಿಲ್ಲ. ಅಂಚು ಮಸುಕು, ಬಣ್ಣ ಕಲಸು. "ಕನ್ವರ್ಟರ್ ಹಾಕಿದರೆ ಚಿತ್ರ ಕೆಟ್ಟಂತೆ" ಎಂಬ ಮಾತು ಹುಟ್ಟಿದ್ದು ಹೀಗೆ. 1970ರ ದಶಕದಲ್ಲಿ ನಿಕಾನ್ ಉದ್ದದ ಲೆನ್ಸುಗಳಿಗೆ ಒಂದು, ಗಿಡ್ಡ ಲೆನ್ಸುಗಳಿಗೆ ಇನ್ನೊಂದು ಎಂದು ತನ್ನವೇ ಕನ್ವರ್ಟರ್ ತಯಾರಿಸಿತು. ಗುಣಮಟ್ಟ ಏರಿತು.

1985ರಲ್ಲಿ ಮಿನೋಲ್ಟಾ 7000 ಬಂದ ಮೇಲೆ ಆಟೊಫೋಕಸ್ ಮನೆಮಾತಾಯಿತು, ಜೊತೆಗೆ ಹೊಸ ತೊಡಕು. ಎಸ್‌ಎಲ್‌ಆರ್‌ನ ಫೋಕಸ್ ಸಂವೇದಕ ಲೆನ್ಸಿನ ಎರಡು ಬದಿಗಳಿಂದ ಬರುವ ಕಿರಣಗಳನ್ನು ಹೋಲಿಸಿ ನೋಡುತ್ತದೆ. ಬಹಳಷ್ಟು ಕ್ಯಾಮೆರಾಗಳಲ್ಲಿ ಎಫ್/5.6ಕ್ಕಿಂತ ಕಿರಿದಾದರೆ ಅದು ತಡವರಿಸುತ್ತಿತ್ತು. ಕನ್ವರ್ಟರ್ ಹಾಕಿದ ಜೂಮ್‌ಗಳು ಸೋತದ್ದೇ ಇಲ್ಲಿ. ಮಿರರ್‌ಲೆಸ್ ಕ್ಯಾಮೆರಾಗಳು ಚಿತ್ರದ ಸಂವೇದಕದಿಂದಲೇ ಫೋಕಸ್ ಮಾಡುವುದರಿಂದ ಈ ಗಂಟು ಬಹುಮಟ್ಟಿಗೆ ಬಿಚ್ಚಿತು. 2013ರಲ್ಲಿ ಕ್ಯಾನನ್ ತನ್ನ 200-400 ಮಿ.ಮೀ. ಜೂಮಿನ ಒಳಗೇ ಕನ್ವರ್ಟರ್ ಇಟ್ಟು, ಒಂದು ಸನ್ನೆ ಒತ್ತಿದರೆ ಕೂರುವಂತೆ ಮಾಡಿತು. ಅದರ ಬೆಲೆ ಮಾತ್ರ ನಮ್ಮ ಇಎಂಐಗೂ ನಿಲುಕದು. ಇನ್ನು ಕ್ಯಾನನ್‌ನ 100-500 ಜೂಮಿಗೆ ಕನ್ವರ್ಟರ್ ಹಾಕಿದರೆ 300 ಮಿ.ಮೀ.ಗಿಂತ ಹಿಂದಕ್ಕೆ ಬರಲಾಗುವುದಿಲ್ಲ. ಆನೆ ತೀರ ಹತ್ತಿರ ಬಂದರೆ ಬರೀ ಕಿವಿಯ ಚಿತ್ರ! ಕೊಳ್ಳುವ ಮೊದಲು ನಿಮ್ಮ ಜೂಮಿಗೆ ಯಾವುದು ಹೊಂದುತ್ತದೆ ಎಂದು ನೋಡಿಕೊಳ್ಳಿ. ಮಧ್ಯಾಹ್ನದ ಬಿಸಿಗಾಳಿಯ ನಡುಕವನ್ನಂತೂ ಯಾವ ಕನ್ವರ್ಟರೂ ದಾಟಿಸದು, ಇನ್ನಷ್ಟು ದೊಡ್ಡದು ಮಾಡಿ ತೋರಿಸುತ್ತದೆ.

ಬಾರ್ಲೊನಿಂದ ಇಲ್ಲಿಯವರೆಗೆ ಯಾರೂ ಆ ಬೆಳಕಿನ ನಷ್ಟವನ್ನು ಅಳಿಸಲಿಲ್ಲ, ಅದನ್ನು ಭರಿಸುವ ಶಕ್ತಿ ಬೆಳೆಯಿತು ಅಷ್ಟೆ. ದೂರಕ್ಕೆ ಬೆಲೆಯನ್ನು ಯಾರಾದರೂ ತೆರಲೇಬೇಕು. ಹತ್ತಿರ ಹೋದರೆ ಪ್ರಾಣಿ ತೆರುತ್ತದೆ: ಬೆದರಿ, ಮೇವು ಬಿಟ್ಟು. ಕನ್ವರ್ಟರ್ ಹಾಕಿದರೆ ನಾವು ತೆರುತ್ತೇವೆ: ಒಂದು ಸ್ಟಾಪ್ ಬೆಳಕು, ಒಂದಿಷ್ಟು ಸ್ಪಷ್ಟತೆ.

ಮರುವರ್ಷ ಮತ್ತೆ ಭಿಗ್ವಣಕ್ಕೆ ಹೋದೆ. ದೋಣಿಯವರು ಅವರೇ. "ಇಲ್ಲೇ ನಿಲ್ಲಿಸಿ ದಾದಾ" ಎಂದೆ. ಐಎಸ್‌ಒ ಏರಿಸಬೇಕಾಯಿತು, ಚಿತ್ರದಲ್ಲಿ ಕಾಳು ಕಾಳು ಕಂಡಿತು, ಗರಿಗಳ ಅಂಚು ಕೊಂಚ ಮೃದುವಾಯಿತು. ನಾವು ಮರಳಿ ದಡ ಸೇರುವಾಗಲೂ ಹಕ್ಕಿಗಳು ತಲೆ ತಗ್ಗಿಸಿ ಕೆಸರಿನಲ್ಲಿ ಮೇಯುತ್ತಲೇ ಇದ್ದವು.