ಮಾಸಾಶನದೊಳಗಿನ ಅಶನ

ಮಾಸಕ್ಕೆ ಅಶನ ಸೇರಿ ಮಾಸಾಶನ. ಅಶನವೆಂದರೆ ಊಟ. ವೃದ್ಧರಿಗೆ, ವಿಧವೆಯರಿಗೆ, ಅಂಗವಿಕಲರಿಗೆ, ಬಡ ಕಲಾವಿದರಿಗೆ ಸರ್ಕಾರ ತಿಂಗಳು ತಿಂಗಳು ಕೊಡುವ ಹಣಕ್ಕೆ ಕನ್ನಡದಲ್ಲಿ ಈ ಹೆಸರು ನಿಂತಿದೆ. ಅದೇ ಹಣ ಕಡತದಲ್ಲಿ ‘ವೃದ್ಧಾಪ್ಯ ವೇತನ’, ಜನರ ಬಾಯಲ್ಲಿ ‘ಪಿಂಚಣಿ’. ವೇತನ ದುಡಿಮೆಗೆ ಸಲ್ಲುತ್ತದೆ, ಪಿಂಚಣಿ ಮುಗಿಸಿದ ಸೇವೆಗೆ. ಮಾಸಾಶನ ಎಂಬ ಪದ ಮಾತ್ರ ನೇರವಾಗಿ ಹಸಿವನ್ನೇ ನೋಡುತ್ತದೆ. ಹಾಗಾದರೆ ಅದರ ಮೊತ್ತವನ್ನೂ ಊಟದ ಬೆಲೆಯಿಂದಲೇ ಅಳೆಯಬೇಕು.

ಈವರೆಗಿನ ಅಳತೆ ಹಾಗಿಲ್ಲ. 1995ರ ಆಗಸ್ಟ್ 15ರಂದು ರಾಷ್ಟ್ರೀಯ ಸಾಮಾಜಿಕ ನೆರವು ಕಾರ್ಯಕ್ರಮ ಶುರುವಾದಾಗ ವೃದ್ಧರಿಗೆ ಕೇಂದ್ರದ ಪಾಲು ತಿಂಗಳಿಗೆ 75 ರೂಪಾಯಿ. 2007ರಲ್ಲಿ ಅದರ ವೃದ್ಧಾಪ್ಯ ವೇತನ ಯೋಜನೆಗೆ ಇಂದಿರಾ ಗಾಂಧಿಯವರ ಹೆಸರು ಬರುವ ಹೊತ್ತಿಗೆ ಅದು 200 ರೂಪಾಯಿ ಆಗಿತ್ತು. 2011ರಲ್ಲಿ ಅರ್ಹತೆಯ ವಯಸ್ಸು 65ರಿಂದ 60ಕ್ಕೆ ಇಳಿಯಿತು, 80 ದಾಟಿದವರಿಗೆ 500 ರೂಪಾಯಿ ಆಯಿತು. ಉಳಿದವರ 200 ಅಲ್ಲೇ ನಿಂತಿತು. ಬೆಲೆಗಳು ಮಾತ್ರ ಎರಡು ಪಟ್ಟು ಮೀರಿ ಏರಿದವು. ಕರ್ನಾಟಕ ಹೆಚ್ಚು ಕೊಟ್ಟಿದೆ ಎಂಬುದು ನಿಜ: 2007ರಲ್ಲಿ 400 ರೂಪಾಯಿಯಿಂದ ಆರಂಭವಾದ, ವೃದ್ಧರಿಗಾಗಿ ಇರುವ ರಾಜ್ಯದ ಸಂಧ್ಯಾ ಸುರಕ್ಷಾ ಯೋಜನೆ 2021ರಲ್ಲಿ 1,200 ತಲುಪಿತು. ಆದರೆ ಅದೇ ವರ್ಷದ ಏರಿಕೆಯಲ್ಲಿ ಶೇ 40ರಿಂದ 75ರಷ್ಟು ಅಂಗವೈಕಲ್ಯ ಇರುವವರಿಗೆ ಸಿಕ್ಕಿದ್ದು 800. ಅಂಗವಿಕಲರಿಗೆ ಕೊಡುವ ನೆರವು ಇತರರ ಅಂಥದೇ ಯೋಜನೆಗಳಿಗಿಂತ ಕನಿಷ್ಠ ಶೇ 25 ಹೆಚ್ಚಿರಬೇಕು ಎನ್ನುತ್ತದೆ 2016ರ ಹಕ್ಕುಗಳ ಕಾಯ್ದೆ. ಅಂಗವಿಕಲರು ವಿಕಲಚೇತನರಾದರು, ವಿಶೇಷಚೇತನರಾದರು; ಸಂಬೋಧನೆಗೆ ಬಂದ ಗೌರವ ಮೊತ್ತಕ್ಕೆ ಬರಲಿಲ್ಲ.

ಬೊಕ್ಕಸಕ್ಕೆ ಭಾರ ಎಂಬ ಆಕ್ಷೇಪ ಹಗುರವಾದುದಲ್ಲ. ಸಂವಿಧಾನದ 41ನೇ ವಿಧಿಯೂ ಆರ್ಥಿಕ ಶಕ್ತಿಯ ಮಿತಿಯನ್ನು ಒಪ್ಪುತ್ತದೆ. ಆದರೆ ಅದೇ ಬೊಕ್ಕಸ ನೌಕರರಿಗೆ, ನಿವೃತ್ತರಿಗೆ ವರ್ಷಕ್ಕೆ ಎರಡು ಸಲ ತುಟ್ಟಿಭತ್ಯೆಯನ್ನು ಪರಿಷ್ಕರಿಸುತ್ತದೆ. ಬೆಲೆಯೇರಿಕೆ ಅವರಿಗೆ ತಟ್ಟುವುದು ನಿಜವಾದರೆ, ಕೂಲಿ ಮಾಡಿ ಮುದಿಯಾದವರಿಗೆ ಇನ್ನೂ ಬಲವಾಗಿ ತಟ್ಟುತ್ತದೆ. ಮಕ್ಕಳೇ ನೋಡಿಕೊಳ್ಳಲಿ ಎನ್ನುವವರು 2007ರ ಪಾಲಕರ ಪೋಷಣೆ ಕಾಯ್ದೆಯನ್ನು ತೋರಿಸುತ್ತಾರೆ. ಮಕ್ಕಳೂ ದಿನಗೂಲಿಯವರಾದರೆ ಆ ಕಾಯ್ದೆ ಅನ್ನ ಹುಟ್ಟಿಸದು. ಅನರ್ಹರು ಪಟ್ಟಿಯಲ್ಲಿದ್ದರೆ ತೆಗೆಯಲಿ, ಅದಕ್ಕಾಗಿ ಅರ್ಹರ ಊಟ ಕಿರಿದಾಗಬಾರದು. ಮಾಸಾಶನ ಬಜೆಟ್ ಭಾಷಣದ ಕೊಡುಗೆಯಾಗಿ ಉಳಿಯುವುದು ಬೇಡ. ಗ್ರಾಹಕ ಬೆಲೆ ಸೂಚ್ಯಂಕಕ್ಕೆ ಅದನ್ನು ಕಾನೂನಿನಿಂದಲೇ ಕಟ್ಟಿ, ಪ್ರತಿ ವರ್ಷ ಕೇಳದೆಯೇ ಏರುವಂತೆ ಮಾಡಬೇಕು. ಕೇಂದ್ರ ತನ್ನ 200 ರೂಪಾಯಿಯಿಂದಲೇ ಈ ಕೆಲಸ ಶುರು ಮಾಡಲಿ.